ದಂಡು, ಪೇಟೆ ಎಂಬ ಖಾನೆಗಳು



“ಅವರು ದಂಡಿನವರು, ಅವರಿಗೆ ಕನ್ನಡ ಬಾರದು” ಎಂಬ ಮಾತನ್ನು ಬಸವನಗುಡಿ, ಮಲ್ಲೇಶ್ವರಗಳ ನಮ್ಮ ನೆಂಟರ ಮನೆಗಳಲ್ಲಿ ಲೆಕ್ಕವಿಲ್ಲದಷ್ಟು ಸಲ ಕೇಳಿದ್ದೇನೆ. “ಅವರು ಸಿಟಿಯವರು, ನಮ್ಮನ್ನು ಹತ್ತಿರ ಸೇರಿಸರು” ಎಂಬ ಮಾತನ್ನು ಶಿವಾಜಿನಗರದಲ್ಲಿಯೂ ಅಷ್ಟೇ ಸಲ ಕೇಳಿದ್ದೇನೆ. ಹಲಸೂರಿನಲ್ಲಿ ಬಹುಕಾಲ ಕನ್ನಡ ಪಾಠ ಹೇಳಿದ ನಾನು ಈ ಎರಡು ಮಾತುಗಳನ್ನೂ ಒಪ್ಪಲಾರೆ.

ಈ ಖಾನೆಗಳು ಪರರು ತಮ್ಮ ಅನುಕೂಲಕ್ಕಾಗಿ ಮಾಡಿದವು. 1809ರಲ್ಲಿ ಬ್ರಿಟಿಷರು ಪೇಟೆಯ ಪೂರ್ವಕ್ಕೆ ತಮ್ಮ ಸೈನ್ಯವನ್ನು ನೆಲೆಗೊಳಿಸಿದರು. 1881ರಲ್ಲಿ ಮೈಸೂರು ರಾಜ್ಯವನ್ನು ಒಡೆಯರಿಗೆ ಮರಳಿಸಿದಾಗಲೂ ಈ ಭಾಗವನ್ನು ‘ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್’ ಎಂದು ತಮ್ಮ ಕೈಯಲ್ಲಿಯೇ ಉಳಿಸಿಕೊಂಡರು. 1947ರಲ್ಲಿ ಅದು ಮೈಸೂರಿಗೆ ಮರಳಿತು. 1949ರಲ್ಲಿ ಎರಡು ಪುರಸಭೆಗಳು ಕೂಡಿ ಒಂದೇ ಕಾರ್ಪೊರೇಷನ್ ಆಯಿತು. ಕಾಗದದ ಮೇಲಿನ ಗೆರೆ ಅಂದೇ ಅಳಿಯಿತು. ಮನಸ್ಸಿನ ಗೆರೆಯನ್ನು ನಾವಿನ್ನೂ ಜೋಪಾನವಾಗಿ ತಿದ್ದುತ್ತಲೇ ಇದ್ದೇವೆ.

“ಭಾಷೆಯ ಭೇದ ನಿಜವಲ್ಲವೇ ಮೇಷ್ಟ್ರೇ?” ಎನ್ನುವಿರಿ. ನಿಜವೇ. ದಂಡಿನೊಡನೆ ಸಿಪಾಯಿಗಳು, ಕೂಲಿಗಳು, ವ್ಯಾಪಾರಿಗಳು ಬಂದರು. ತಮಿಳು, ಉರ್ದು, ತೆಲುಗು ಇಲ್ಲಿ ಮನೆಮಾತುಗಳಾದವು. ಆದರೆ ಹಲಸೂರಿನ ಸೋಮೇಶ್ವರ ದೇವಾಲಯ ಆ ದಂಡಿಗಿಂತ ಎಷ್ಟೋ ಹಳೆಯದು. ಈ ನೆಲ ಕನ್ನಡಕ್ಕೆ ಎಂದೂ ಹೊರಗಿನದಾಗಿರಲಿಲ್ಲ. ಮನೆಯಲ್ಲಿ ತಮಿಳು, ಬೀದಿಯಲ್ಲಿ ಉರ್ದು ಆಡುತ್ತಿದ್ದ ಮಕ್ಕಳು ನನ್ನ ತರಗತಿಯಲ್ಲಿ ಕುಮಾರವ್ಯಾಸನ ಷಟ್ಪದಿಯನ್ನು ತಡವರಿಸದೆ ಓದುತ್ತಿದ್ದರು. ಅವರ ನಾಲಗೆಗೆ ಖಾನೆಗಳಿರಲಿಲ್ಲ. ಕನ್ನಡ ಪರೀಕ್ಷೆಗೆ, ಇಂಗ್ಲಿಷ್ ಉದ್ಯೋಗಕ್ಕೆ, ತಾಯ್ನುಡಿ ಅಡುಗೆಮನೆಗೆ ಎಂದು ಹಂಚಿಕೊಟ್ಟವರು ಹಿರಿಯರು.

ಮೂರು ತಲೆಮಾರಿನಿಂದ ಇಲ್ಲಿಯೇ ಬಾಳಿದ ಮನೆಯ ಮಗುವನ್ನು “ನೀನು ಹೊರಗಿನವನು” ಎಂದು ಹಂಗಿಸಿದರೆ ಅದು ಕನ್ನಡವನ್ನು ಪ್ರೀತಿಸುವುದಾದರೂ ಹೇಗೆ? “ನಮಗೆ ಕನ್ನಡ ಬೇಕಿಲ್ಲ” ಎನ್ನುವ ತಂದೆತಾಯಿಯರೂ ಅಷ್ಟೇ. ತಮ್ಮ ಮಗುವನ್ನು ಅದರ ಊರಿನಿಂದಲೇ ದೂರವಿಡುತ್ತಾರೆ. ಈ ಎರಡು ಹಟಗಳ ನಡುವೆ ನರಳುವುದು ಮಗು.

2025ರ ಸೆಪ್ಟೆಂಬರಿನಲ್ಲಿ ನಗರಕ್ಕೆ ಐದು ಪಾಲಿಕೆಗಳಾದವು. ಶಿವಾಜಿನಗರವೂ ಚಿಕ್ಕಪೇಟೆಯೂ ಕೇಂದ್ರ ಪಾಲಿಕೆಗೆ ಸೇರಿದರೆ, ಕೆ.ಆರ್. ಪುರ ಪೂರ್ವ ಪಾಲಿಕೆಗೆ ಹೋಯಿತು. ಕಸ ಎತ್ತಿಸಲು, ಕಂದಾಯ ವಸೂಲಿಗೆ ಇಂತಹ ವಿಭಾಗಗಳು ಬೇಕು; ನನ್ನ ತಕರಾರಿಲ್ಲ. ಮನುಷ್ಯರನ್ನು ಅಳೆಯುವ ಕೋಲು ಅದಾಗಬಾರದು.

ನೆರೆಯವರು ಹರಕುಮುರುಕು ಕನ್ನಡದಲ್ಲಿ ಮಾತು ತೆಗೆದರೆ ನಗಬೇಡಿ, ಇಂಗ್ಲಿಷಿಗೆ ಹಾರಬೇಡಿ. ಕನ್ನಡದಲ್ಲಿಯೇ ಉತ್ತರಿಸಿ, ನಿಧಾನವಾಗಿ. ನಿಮ್ಮ ಮೇಷ್ಟರ ಕೋರಿಕೆ ಇಷ್ಟೇ.