ಮಗನ ಬಿಯರ್ ಪಾತ್ರೆ ಮತ್ತು ನನ್ನ ಕೆಂಪು ಶಾಯಿ



ಶೀರ್ಷಿಕೆ ಕಂಡು ನಿಮ್ಮಲ್ಲಿ ಹಲವರು ಹುಬ್ಬೇರಿಸಿರಬಹುದು. ಪ್ರತಿ ಗಾಂಧಿ ಜಯಂತಿಯಂದೂ ತಪ್ಪದೆ ಪಾನನಿರೋಧದ ಭಾಷಣ ಮಾಡುತ್ತಿದ್ದ ಮೇಷ್ಟ್ರು ಬಿಯರಿನ ಬಗ್ಗೆ ಬರೆಯುವುದೇ? ಗಾಬರಿ ಬೇಡ. ನಾನು ಕುಡಿದವನಲ್ಲ, ಕುಡಿಯುವವನೂ ಅಲ್ಲ. ನನ್ನ ಚಿಕ್ಕಪ್ಪ ಸಾರಾಯಿಗಾಗಿ ಗದ್ದೆ ಮಾರಿ, ಕೊನೆಗೆ 1994ರಲ್ಲಿ ಯಕೃತ್ತು ಕೆಟ್ಟು ತೀರಿಕೊಂಡದ್ದು ಬಂಧುಗಳಿಗೆ ತಿಳಿದೇ ಇದೆ. 2007ರಲ್ಲಿ ನಮ್ಮ ರಾಜ್ಯದಲ್ಲಿ ಸಾರಾಯಿ ನಿಷೇಧವಾದಾಗ ಚಿಕ್ಕಮ್ಮ "ಹದಿಮೂರು ವರ್ಷ ತಡವಾಯಿತು" ಎಂದಷ್ಟೇ ನುಡಿದು ಒಳಗೆ ಹೋಗಿದ್ದರು. ಆ ಮನೆಯಿಂದ ಬಂದವನು ಮದ್ಯದ ಪರವಾಗಿ ಮಾತನಾಡಲಾರ. ಇಂದು ಹೇಳಹೊರಟಿರುವುದು ನನ್ನದೇ ಒಂದು ಹಳೆಯ ತಪ್ಪಿನ ವಿಷಯ. ಅದು ನೆನಪಾದದ್ದು ಬಿಯರ್ ಪಾತ್ರೆಯ ಮುಂದೆ ನಿಂತಾಗ ಎಂಬುದು ವಿಧಿಯ ವಿನೋದ.

2024ರ ಬೇಸಿಗೆಯಲ್ಲಿ ನಾನೂ ನನ್ನ ಮಡದಿಯೂ ಅಮೆರಿಕದ ಆರೆಗಾನ್ ರಾಜ್ಯದಲ್ಲಿರುವ ಮಗನ ಮನೆಯಲ್ಲಿ ಮೂರು ತಿಂಗಳು ಇದ್ದೆವು. ಮೊದಲ ವಾರವೇ ಗ್ಯಾರೇಜಿನಲ್ಲಿ ದೊಡ್ಡ ಗಾಜಿನ ಜಾಡಿ, ರಬ್ಬರ್ ನಳಿಕೆ, ಹೈಡ್ರೋಮೀಟರ್ ಕಣ್ಣಿಗೆ ಬಿದ್ದವು. "ಅಪ್ಪ, ನಿಮಗೆ ಹೇಳಬೇಕೆಂದಿದ್ದೆ" ಎಂದು ಅವನು ತಲೆ ತಗ್ಗಿಸಿದ. ನಮ್ಮಲ್ಲಿ ಪರವಾನಗಿ ಇಲ್ಲದೆ ಮನೆಯಲ್ಲಿ ಮದ್ಯ ತಯಾರಿಸುವುದು ಅಪರಾಧ. ಅಲ್ಲಿ ಹಾಗಲ್ಲ. ಅಧ್ಯಕ್ಷ ಜಿಮ್ಮಿ ಕಾರ್ಟರ್ 1978ರಲ್ಲಿ ಸಹಿ ಹಾಕಿದ ಕಾಯಿದೆಯ ಪ್ರಕಾರ ವಯಸ್ಕನೊಬ್ಬ ವರ್ಷಕ್ಕೆ ನೂರು ಗ್ಯಾಲನ್, ಅಂದರೆ ಸುಮಾರು 378 ಲೀಟರ್ ಬಿಯರನ್ನು ಸ್ವಂತಕ್ಕಾಗಿ ತೆರಿಗೆಯಿಲ್ಲದೆ ತಯಾರಿಸಬಹುದು, ಮಾರುವಂತಿಲ್ಲ. ಎರಡು ದಿನ ನಾನು ಮಾತನಾಡಲಿಲ್ಲ. ಮೂರನೆಯ ದಿನ ಹೈಡ್ರೋಮೀಟರನ್ನು ಕೈಗೆತ್ತಿಕೊಂಡೆ. ಹಳೆಯ ಚಟ, ಬಿಡದು.

ಅವನು ಅದುವರೆಗೆ ಮಾಡುತ್ತಿದ್ದದ್ದು ಸುಲಭದ ದಾರಿ. ಮೊಳಕೆ ಬರಿಸಿದ ಬಾರ್ಲಿಯ ಸಾರವನ್ನು ಕಾರ್ಖಾನೆಯಲ್ಲೇ ತೆಗೆದು, ಜೋನಿಬೆಲ್ಲದಂತೆ ಗಟ್ಟಿಯಾಗಿಸಿ ಡಬ್ಬಿಯಲ್ಲಿ ಮಾರುತ್ತಾರೆ. ಅದನ್ನು ನೀರಿಗೆ ಕದಡಿ, ಹಾಪ್ಸ್ ಹೂವಿನೊಡನೆ ಕುದಿಸಿ, ಆರಿಸಿ, ಯೀಸ್ಟ್ ಬೆರೆಸಿದರೆ ಮುಗಿಯಿತು. ಇದು ಗೈಡು ಓದಿ ಪರೀಕ್ಷೆ ಬರೆದಂತೆ ಎಂದೆ. ಅವನು ನಕ್ಕು, "ಅದಕ್ಕೇ ಈ ಸಲ ಮೂಲ ಪಠ್ಯವನ್ನೇ ಓದುತ್ತೇನೆ" ಎಂದ. ಧಾನ್ಯದಿಂದಲೇ ಆರಂಭಿಸುವುದು ಅವನಿಗೆ ಅದು ಮೊದಲ ಸಲ.

ಒಂದು ಶನಿವಾರ ಬೆಳಗ್ಗೆ ನಾಲ್ಕೂವರೆ ಕಿಲೋ ಪುಡಿಮಾಡಿದ ಬಾರ್ಲಿ ಮಾಲ್ಟ್ ಬಂದಿತು. ಹಾಪ್ಸ್ ಕ್ಯಾಸ್ಕೇಡ್ ತಳಿಯದು. 1972ರಲ್ಲಿ ಬಿಡುಗಡೆಯಾದ, ಆರೆಗಾನಿನಲ್ಲೇ ಅಭಿವೃದ್ಧಿಯಾದ ತಳಿ ಎಂದು ಅವನು ಅಭಿಮಾನದಿಂದ ಹೇಳಿದ. ಪ್ರವಾಸಕ್ಕೆ ಒಯ್ಯುವ ತಂಪುಪೆಟ್ಟಿಗೆಯ ತಳದಲ್ಲಿ ಉಕ್ಕಿನ ಜಾಲರಿ ಕೂರಿಸಿ, ಅದರೊಳಗೆ ಬಿಸಿನೀರೂ ಮಾಲ್ಟೂ ಬೆರೆತು ಒಂದು ಗಂಟೆ ಇರಬೇಕು. ಉಷ್ಣತೆ 66 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಆ ಬಿಸಿಯಲ್ಲಿ ಧಾನ್ಯದಲ್ಲೇ ಇರುವ ಅಮೈಲೇಸ್ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತವೆ. ಬಿಸಿ ಕಡಿಮೆಯಾದರೆ ಕೆಲಸ ನಿಧಾನ. ಬಹಳ ಹೆಚ್ಚಾದರೆ ಕಿಣ್ವವೇ ಕೆಟ್ಟುಹೋಗುತ್ತದೆ. ಒಮ್ಮೆ ಕೆಟ್ಟದ್ದನ್ನು ತಣಿಸಿದರೆ ಅದು ಮರಳಿ ಜೀವ ತಳೆಯದು.

ಮುಳ್ಳಿನ ಥರ್ಮಾಮೀಟರ್ 66 ತೋರಿಸುತ್ತಿತ್ತು. ಮಗ ಹಿಗ್ಗಿನಿಂದ ಮುಚ್ಚಳ ಹಾಕಿ ಹೊದಿಕೆ ಸುತ್ತಿದ. ಗಂಟೆಯ ನಂತರ ಸಿಪ್ಪೆಯಿಲ್ಲದಂತೆ ಒಂದು ಚಮಚ ತಿಳಿಯನ್ನು ಬಿಳಿಯ ಬಸಿಯಲ್ಲಿ ತೆಗೆದು ಅಯೋಡಿನ್ ಹನಿ ಬಿಟ್ಟ. (ಸಿಪ್ಪೆಯ ಚೂರಿದ್ದರೆ ಅದೇ ಕಪ್ಪಾಗಿ ದಾರಿ ತಪ್ಪಿಸುತ್ತದೆ.) ತಿಳಿ ಕಡುನೀಲಿಯಾಯಿತು. ಪಿಷ್ಟ ಹಾಗೆಯೇ ಉಳಿದಿದೆ ಎಂದರ್ಥ. ಮತ್ತೆ ಅರ್ಧ ಗಂಟೆ ಕಾದರೂ ನೀಲಿಯೇ.

"ಆ ಥರ್ಮಾಮೀಟರನ್ನು ಕುದಿಯುವ ನೀರಿಗೆ ಇಳಿಸು" ಎಂದೆ. ಇಳಿಸಿದ. ಮುಳ್ಳು 88ಕ್ಕೆ ನಿಂತಿತು. ಹನ್ನೆರಡು ಡಿಗ್ರಿ ಸುಳ್ಳು! 66 ಎಂದು ನಾವು ನಂಬಿದ್ದು 78ರ ಸುಮಾರಿನಲ್ಲಿತ್ತು. ಕಿಣ್ವಗಳು ಅಷ್ಟರಲ್ಲೇ ಬೆಂದು ಹೋಗಿದ್ದವು. ಆದರೂ ಕೈಬಿಡದೆ ಧಾನ್ಯವನ್ನು ಬಿಸಿನೀರಿನಿಂದ ತೊಳೆದು, ಬಸಿದು, ಹಾಪ್ಸ್ ಹಾಕಿ ಒಂದು ಗಂಟೆ ಕುದಿಸಿ, ಹಿಮದ ನೀರಿನಲ್ಲಿ ಪಾತ್ರೆಯಿಟ್ಟು ಆರಿಸಿದೆವು. ಹೈಡ್ರೋಮೀಟರ್ ತೇಲಿಸಿದರೆ ಸಾಪೇಕ್ಷ ಸಾಂದ್ರತೆ 1.034. ಬರಬೇಕಾಗಿದ್ದದ್ದು 1.050.

ಮಗ ದಿನಚರಿ ಪುಸ್ತಕ ತೆಗೆದು ಪೆನ್ನು ಹಿಡಿದು ಸುಮ್ಮನೆ ಕುಳಿತ. ಅವನ ಮುಖ ನೋಡಲಾರದೆ, ತಮಾಷೆಗೆಂಬಂತೆ, "1.050 ಎಂದೇ ಬರೆದುಬಿಡು. ಇಲ್ಲಿ ಯಾರು ನೋಡಲು ಬರುತ್ತಾರೆ?" ಎಂದೆ.

ಅವನು ನಗಲಿಲ್ಲ. "ಒಂಬತ್ತನೇ ತರಗತಿಯಲ್ಲೂ ನೀವು ಹೀಗೇ ಹೇಳಿದ್ದಿರಿ" ಎಂದು, 1.034 ಎಂದು ಬರೆದು, ಕೆಳಗೆ ಥರ್ಮಾಮೀಟರಿನ ದೋಷವನ್ನೂ ನಮೂದಿಸಿದ.

ನನಗೆ ತಕ್ಷಣ ಹೊಳೆಯಲಿಲ್ಲ. ರಾತ್ರಿ ಹಾಸಿಗೆಯಲ್ಲಿ ನೆನಪಾಯಿತು. 2001ನೇ ಇಸವಿ, ನನ್ನದೇ ತರಗತಿ, ಐವತ್ತೆಂಟು ಮಕ್ಕಳು. ಲಾಲಾರಸವು ಪಿಷ್ಟವನ್ನು ಜೀರ್ಣಿಸುತ್ತದೆಂದು ತೋರಿಸುವ ಪ್ರಯೋಗ. ಎಲ್ಲ ಗುಂಪುಗಳ ಪ್ರನಾಳಗಳಲ್ಲೂ ಅಯೋಡಿನ್ ಬಿಟ್ಟಾಗ ನೀಲಿ ಬಣ್ಣ ಬರಲಿಲ್ಲ. ಮೂರನೆಯ ಮೇಜಿನದ್ದರಲ್ಲಿ ಮಾತ್ರ ಕಡುನೀಲಿ. ನನ್ನ ಮಗನೇ ಆ ಗುಂಪಿನವನು. ಶಾಲೆಯಲ್ಲಿ ನನ್ನನ್ನು 'ಸರ್' ಎಂದೇ ಕರೆಯುತ್ತಿದ್ದ. "ಸರ್, ನಮ್ಮದು ನೀಲಿಯೇ ಇದೆ" ಎಂದು ಪ್ರನಾಳ ಹಿಡಿದು ಬಂದ. ಪ್ರನಾಳ ಕೈಗೆ ಚುರುಕ್ ಎಂದಿತು. ದೀಪದಿಂದ ಇಳಿಸಿದೊಡನೆಯೇ, ಆರುವ ಮೊದಲೇ ಲಾಲಾರಸ ಬೆರೆಸಿದ್ದರು. ಕಾರಣ ಆ ಕ್ಷಣವೇ ನನಗೆ ಗೊತ್ತಾಗಿತ್ತು. ಆದರೆ ಗಂಟೆ ಬಾರಿಸಲು ಆರು ನಿಮಿಷವಿತ್ತು. ಮರುವಾರ ವಿಷಯ ಪರಿವೀಕ್ಷಕರು ಬರುವವರಿದ್ದರು. "ನೀಲಿ ಬಣ್ಣ ಬರಲಿಲ್ಲ ಎಂದು ಬರೆ" ಎಂದೆ. ಅವನು ಆಗಲೇ ಬರೆದಿದ್ದ ಸಾಲನ್ನು ಕೆಂಪು ಶಾಯಿಯಿಂದ ಹೊಡೆದು ಸಹಿ ಮಾಡಿದೆ.

ಇಪ್ಪತ್ಮೂರು ವರ್ಷಗಳ ನಂತರ ಅವನ ಪಾತ್ರೆ ಕೆಟ್ಟದ್ದೂ ಅದೇ ಕಾರಣಕ್ಕೆ. ಆ ದಿನದ ಆರು ನಿಮಿಷವನ್ನು ಆ ನೀಲಿ ಪ್ರನಾಳಕ್ಕೆ ಕೊಟ್ಟಿದ್ದರೆ, ಕಿಣ್ವ ಎಂಬುದು ಬಿಸಿಗೆ ಸಾಯುವ ವಸ್ತು ಎಂಬುದನ್ನು ಐವತ್ತೆಂಟು ಮಕ್ಕಳೂ ಕಣ್ಣಾರೆ ಕಲಿಯುತ್ತಿದ್ದರು. ಸರಿಬಂದ ಪ್ರನಾಳಗಳು ಪುಸ್ತಕದಲ್ಲಿದ್ದದ್ದನ್ನೇ ಮತ್ತೊಮ್ಮೆ ಹೇಳಿದ್ದವು. ಹೊಸದನ್ನು ಹೇಳಿದ್ದ ಏಕೈಕ ಪ್ರನಾಳವನ್ನು ನಾನು ತೊಳೆಯಲು ಕಳಿಸಿದೆ.

ಇದು ನನ್ನೊಬ್ಬನ ದೋಷವಲ್ಲ ಎಂದು ವಾದಿಸಬಹುದು. ಪಠ್ಯ ಮುಗಿಸುವ ಅವಸರ, ಸಹಾಯಕರಿಲ್ಲದ ಪ್ರಯೋಗಾಲಯ, ತುಂಬಿದ ತರಗತಿ, ಎಲ್ಲವೂ ನಿಜ. ಸಹೋದ್ಯೋಗಿಯೊಬ್ಬರಿಗೆ ಫೋನಿನಲ್ಲಿ ಇದನ್ನು ಹೇಳಿದಾಗ, "ತಪ್ಪು ಉತ್ತರ ಬರೆದ ಮಕ್ಕಳಿಗೆ ಅಂಕ ಕೊಡುವವರು ಯಾರು?" ಎಂದು ಕೇಳಿದರು. ನನ್ನ ಆಕ್ಷೇಪವಿರುವುದೇ ಇಲ್ಲಿ. ಕಂಡದ್ದನ್ನು ಬರೆಯುವುದು ತಪ್ಪು ಉತ್ತರ ಹೇಗಾದೀತು? ನಮ್ಮ ಶಾಲೆಗಳಲ್ಲಿ ಪ್ರಯೋಗವೆಂದರೆ ಕೊನೆ ಮೊದಲೇ ಗೊತ್ತಿರುವ ನಾಟಕ. ಮಕ್ಕಳು ಹಿಂದಿನ ದಿನವೇ ಅಣ್ಣನದೋ ಅಕ್ಕನದೋ ಪುಸ್ತಕ ನೋಡಿ ಫಲಿತಾಂಶ ಬರೆದು ತರುತ್ತಾರೆ; ನಾವು ಸಹಿ ಹಾಕುತ್ತೇವೆ. ನನ್ನ ಸಲಹೆ ಸಣ್ಣದು. ಪ್ರಯೋಗ ಪುಸ್ತಕದಲ್ಲಿ ಪ್ರತಿ ಪ್ರಯೋಗಕ್ಕೂ ಒಂದು ಪುಟ 'ನಮಗೆ ಬಂದದ್ದು ಇದು, ಕಾರಣ ಇದಿರಬಹುದು' ಎಂಬುದಕ್ಕಾಗಿ ಇರಲಿ. ಆ ಪುಟಕ್ಕೆ ಪೂರ್ಣ ಅಂಕವೂ ಇರಲಿ. ನಿಮ್ಮಲ್ಲಿ ಅನೇಕರು ಈಗ ಶಿಕ್ಷಕರಾಗಿದ್ದೀರಿ. ಸರ್ಕಾರದ ಸುತ್ತೋಲೆಗೆ ಕಾಯಬೇಕಾಗಿಲ್ಲ.

ಮಾಲ್ಟಿನಿಂದಲೇ 1833ರಲ್ಲಿ ಪಾಯೆನ್ ಮತ್ತು ಪೆರ್ಸೋ ಎಂಬ ಫ್ರೆಂಚ್ ರಸಾಯನಜ್ಞರು ಡಯಾಸ್ಟೇಸನ್ನು ಬೇರ್ಪಡಿಸಿದರು. ಹಾಗೆ ಪತ್ತೆಯಾದ ಮೊದಲ ಕಿಣ್ವ ಅದು. ನಾನು ಬೋಧಿಸಿದ ಪಿಹೆಚ್ ಮಾನ 1909ರಲ್ಲಿ ಹುಟ್ಟಿದ್ದು ಕೋಪನ್‌ಹೇಗನ್ನಿನ ಬಿಯರ್ ಕಂಪನಿಯೊಂದರ ಪ್ರಯೋಗಾಲಯದಲ್ಲಿ, ಸೋರೆನ್‌ಸೆನ್ ಎಂಬಾತನಿಂದ. ಇದನ್ನೆಲ್ಲ ನಾನು ತಿಳಿದದ್ದು ನಿವೃತ್ತನಾದ ಮೇಲೆ!

ಇದನ್ನು ಕಲಿಯಲು ಬಿಯರೇ ಬೇಕೇ ಎಂದು ಬಂಧುಗಳು ಕೇಳುವುದು ನ್ಯಾಯ. ಬೇಕಿಲ್ಲ. ಯೀಸ್ಟ್ ಬೆರೆಸುವ ಮೊದಲು, ಹಾಪ್ಸ್ ಕೂಡ ಬೀಳದ ಆ ಸಿಹಿನೀರನ್ನು ಮಗ ಒಂದು ಚಮಚ ಕೊಟ್ಟಿದ್ದ. ಅದರಲ್ಲಿ ಮದ್ಯವಿಲ್ಲ. ನಾಲಿಗೆಗೆ ತಾಗಿದೊಡನೆ ನನಗೆ ನಮ್ಮ ಅಮ್ಮ ನೆನಪಾದರು. ಕೂಸುಗಳಿಗೆಂದು ಅವರು ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಹದವಾಗಿ ಹುರಿದು ಬೀಸುತ್ತಿದ್ದರು. ಶಿಕ್ಷಕರಾದವರು ಎರಡು ಬಟ್ಟಲು ಗಟ್ಟಿ ರಾಗಿ ಗಂಜಿ ಮಾಡಿ. ಬೆರಳಿಗೆ ಸುಡದಷ್ಟು ಆರಿದ ಮೇಲೆ ಒಂದಕ್ಕೆ ಮಾತ್ರ ಹುರಿಯದ ಮೊಳಕೆ ರಾಗಿ ಹಿಟ್ಟನ್ನು ಒಂದು ಚಮಚ ಕಲಸಿ. ಸ್ವಲ್ಪ ಹೊತ್ತಿನಲ್ಲಿ ಅದು ನೀರಾಗುತ್ತದೆ, ಇನ್ನೊಂದು ಗಟ್ಟಿಯಾಗಿಯೇ ಉಳಿಯುತ್ತದೆ. ಕುದಿಯುವ ಗಂಜಿಗೇ ಹಿಟ್ಟು ಬೆರೆಸಿ ಮೂರನೆಯ ಬಟ್ಟಲನ್ನೂ ಮಾಡಿ ನೋಡಿ.

ಮಗನ ಆ ಬಿಯರ್ ಎರಡು ವಾರದ ನಂತರ ಗಂಜಿಯಂತೆ ಕದಡಿಕೊಂಡೇ ಇತ್ತಂತೆ. ಗೆಳೆಯರು ಮುಖ ಹಿಂಡಿ ಒಂದೊಂದು ಲೋಟ ಮುಗಿಸಿದರಂತೆ. ಹೊಸ ಥರ್ಮಾಮೀಟರ್ ಕೊಂಡಿದ್ದಾನೆ.

2001ರಲ್ಲಿ ಒಂಬತ್ತನೇ 'ಬಿ' ವಿಭಾಗದಲ್ಲಿ ಮೂರನೆಯ ಮೇಜಿನ ಬಳಿ ಇದ್ದವರು ಇನ್ನೂ ಮೂವರಿದ್ದಿರಿ. ನಿಮ್ಮ ಪುಸ್ತಕಗಳಲ್ಲೂ ನಾನು ಆ ಸಾಲನ್ನು ಹೊಡೆದಿರಲೇಬೇಕು. ಯಾರ ಬಳಿಯಾದರೂ ಆ ಪುಟ ಉಳಿದಿದ್ದರೆ ದಯವಿಟ್ಟು ತನ್ನಿ. ನನ್ನ ಸಹಿಯನ್ನು ಹಿಂದಕ್ಕೆ ಪಡೆದು, ನೀವು ಬರೆದಿದ್ದೇ ಸರಿ ಎಂದು ಪಕ್ಕದಲ್ಲಿ ಬರೆದುಕೊಡಬೇಕಾಗಿದೆ.