ಎಣಿಕೆಯ ಯಂತ್ರವೂ ಓದುವ ಮನಸ್ಸೂ

ಹೊಸ ಯಂತ್ರಗಳ ಅಭಿಮಾನಿಗಳಾದ ತರುಣರು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕೂ ತಾಲೂಕುಗಳಲ್ಲಿ ಈಗ ಬೇಕಾದಷ್ಟು ಜನ ಇರುತ್ತಾರೆ. ಅವರ ಉತ್ಸಾಹವು ಹಳಿಯತಕ್ಕದ್ದಲ್ಲ. ಊರ ಶಾಸನದ ಛಾಯಾಚಿತ್ರವನ್ನೂ ಹಿರಿಯರ ಹಾಡನ್ನೂ ಅಂತರ್ಜಾಲಕ್ಕೆ ಏರಿಸಿ ದೂರದೇಶದ ಕನ್ನಡಿಗರಿಗೆ ಮುಟ್ಟಿಸುವವರು ಅವರೇ. ಆದರೆ ಅವರಲ್ಲಿ ಇತ್ತಿತ್ತಲಾಗಿ ಒಂದು ಮತವು ಬಲಿಯುತ್ತಲಿದೆ. ಯಾವ ಬರಹವನ್ನು ಎಷ್ಟು ಜನ ನೋಡಿದರೆಂಬದನ್ನು ಯಂತ್ರವೇ ಅಂಕಿಯಲ್ಲಿ ಹೇಳುತ್ತಿರಲು ಸಂಪಾದಕನ ವಿವೇಚನೆಯೂ ವಿದ್ವಾಂಸರ ಅಭಿಪ್ರಾಯವೂ ಇನ್ನೇತಕ್ಕೆ? ಅಂಕಿ ಏರಿದ ಬರಹವೇ ಒಳ್ಳೆಯದು, ಇಳಿದದ್ದು ಬಿಡತಕ್ಕದ್ದು ಎಂಬದೇ ಆ ಮತ. ಸಾಹಿತ್ಯ ಸಂಘಗಳು ತಮ್ಮ ಮಾಸಪತ್ರಿಕೆಗಳನ್ನು ಕಾಗದದಿಂದ ಜಾಲಕ್ಕೂ ಒಯ್ಯುತ್ತಿರುವ ಈ ಕಾಲದಲ್ಲಿ ಇದನ್ನು ಪರೀಕ್ಷಿಸದೆ ಒಪ್ಪುವದು ಅನರ್ಥಕ್ಕೆ ಕಾರಣವಾದೀತು.

ಪೂರ್ವಪಕ್ಷವನ್ನು ಅದರ ಪೂರ್ಣ ಬಲದೊಡನೆ ಹೇಳಿಯೇ ಮುಂದುವರಿಯುವದು ನ್ಯಾಯ. ಹಿಂದೆ ಪತ್ರಿಕೆಯ ಸಂಚಿಕೆಯು ಅಂಚೆಯಲ್ಲಿ ಹೋದ ಮೇಲೆ ಅದರ ಹಾಳೆಗಳನ್ನು ಯಾರಾದರೂ ಬಿಡಿಸಿದರೋ ಇಲ್ಲವೋ ತಿಳಿಯುತ್ತಿರಲಿಲ್ಲ. ನಾಲ್ಕು ಜನ ಪಂಡಿತರು ಬರೆದು, ಆ ನಾಲ್ವರೇ ಓದಿ, ಅದನ್ನೇ ಸಾಹಿತ್ಯಸೇವೆಯೆಂದು ತಿಳಿದ ಉದಾಹರಣೆಗಳು ಇಲ್ಲದಿಲ್ಲ. ಈಗಲಾದರೋ ಸಾಮಾನ್ಯ ಗೃಹಸ್ಥನ ಬೆರಳೂ ಒಂದು ಮತವಾಗಿ ಎಣಿಕೆಗೆ ಬರುತ್ತದೆ. ಯಾವ ಊರಿನಿಂದ, ಯಾವ ಹೊತ್ತಿನಲ್ಲಿ, ಮೊಬೈಲಿನಿಂದಲೋ ಕಂಪ್ಯೂಟರಿನಿಂದಲೋ ಎಂಬುದೂ ತಿಳಿಯುತ್ತದೆ. ಇದರಲ್ಲಿ ಸತ್ಯಾಂಶವುಂಟು. ಪುಟವು ಮೊಬೈಲಿನಲ್ಲಿ ಸರಿಯಾಗಿ ಮೂಡದಿದ್ದರೆ ಆ ದೋಷವನ್ನು ಎಣಿಕೆಯಿಂದ ಕಂಡುಹಿಡಿಯಬಹುದು. ಅಷ್ಟರಮಟ್ಟಿಗೆ ಅದು ಉಪಕಾರಿಯೇ.

ಹಾಗಾದರೆ ಯಂತ್ರವು ನಿಜವಾಗಿ ಎಣಿಸುವದೇನನ್ನು? ಗೂಗಲ್ ಕಂಪನಿಯು 2005ರಲ್ಲಿ ಅರ್ಚಿನ್ ಎಂಬ ಕಂಪನಿಯನ್ನು ಕೊಂಡು, ಅದೇ ವರ್ಷ ಗೂಗಲ್ ಅನಾಲಿಟಿಕ್ಸ್ ಎಂಬ ಸಾಧನವನ್ನು ಬಿಟ್ಟಿಯಾಗಿ ಹಂಚತೊಡಗಿತು. ಜಾಲಪುಟದೊಳಗೆ ಒಂದು ಸಣ್ಣ ಕ್ರಮವಿಧಿಯನ್ನು ಹುದುಗಿಸಿಡುತ್ತಾರೆ; ಪುಟವು ತೆರೆದೊಡನೆ ಅದು ಕಂಪನಿಗೆ ವರದಿ ಕಳಿಸುತ್ತದೆ, ಬಂದವನನ್ನು ಮತ್ತೆ ಗುರುತಿಸಲು ಕುಕೀ ಎಂಬ ಗುರುತನ್ನೂ ಇಟ್ಟುಹೋಗುತ್ತದೆ. ಗುರುತು ಬೀಳುವದು ಮನುಷ್ಯನ ಮೇಲಲ್ಲ, ಅವನ ಕೈಯೊಳಗಿನ ಯಂತ್ರದ ಮೇಲೆ. ರಾಮದುರ್ಗದ ಒಬ್ಬ ನೇಕಾರನ ಮನೆಯಲ್ಲಿ ಅಜ್ಜಿ, ಸೊಸೆ, ಮೊಮ್ಮಗಳು ಮೂವರೂ ಒಂದೇ ಮೊಬೈಲಿನಲ್ಲಿ ಓದಿದರೆ ಲೆಕ್ಕದಲ್ಲಿ ಒಬ್ಬರೇ. ಗುಮಾಸ್ತನೊಬ್ಬನು ಕಚೇರಿಯಲ್ಲೊಮ್ಮೆ, ಮನೆಯಲ್ಲೊಮ್ಮೆ ಬೇರೆ ಬೇರೆ ಯಂತ್ರಗಳಲ್ಲಿ ತೆರೆದರೆ ಇಬ್ಬರಾದಾನು. ಒಬ್ಬನು ಗಟ್ಟಿಯಾಗಿ ಓದಿ ಕಟ್ಟೆಯ ಮೇಲಿನ ಹತ್ತು ಜನಕ್ಕೆ ಕೇಳಿಸಿದರೆ ಆ ಹತ್ತು ಜನ ಶೂನ್ಯ.

ಇನ್ನು ಈ ಸಾಧನದ ಈಗಿನ ಆವೃತ್ತಿಯಲ್ಲಿ ಓದುಗನು ಪುಟದಲ್ಲಿ ‘ತೊಡಗಿದ’ನೆಂದು ಹೇಳಲು ಎಷ್ಟು ಕಾಲ ಬೇಕು ಗೊತ್ತೇ? 10 ಸೆಕೆಂಡಿಗಿಂತ ತುಸು ಹೆಚ್ಚಾದರೆ ಸಾಕು! ಷಟ್ಪದಿಯೊಂದನ್ನು ಪದಚ್ಛೇದ ಮಾಡಿ ಅರ್ಥಮಾಡಿಕೊಳ್ಳಲು ಅರ್ಧ ತಾಸು ಕುಳಿತವನೂ, ಹನ್ನೊಂದನೆಯ ಸೆಕೆಂಡಿಗೆ ಆಕಳಿಸಿ ಎದ್ದವನೂ ಈ ಪಂಕ್ತಿಯಲ್ಲಿ ಸಮಾನರು.

ತರ್ಕಶಾಸ್ತ್ರದಲ್ಲಿ ಇದಕ್ಕೆ ಸವ್ಯಭಿಚಾರವೆಂದು ಹೆಸರು. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸಬಹುದು. ಬೆಂಕಿಯನ್ನು ಕಂಡು ಹೊಗೆಯನ್ನು ಊಹಿಸಲಾಗದು. ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹೊಗೆಯೇಳಬೇಕಾದರೆ ಹಸಿಯ ಕಟ್ಟಿಗೆಯ ಸಂಬಂಧವೂ ಬೇಕೆಂದು ನೈಯಾಯಿಕರು ಹೇಳಿ ಎಷ್ಟೋ ಶತಮಾನಗಳಾದವು. ಜಾಲದಲ್ಲಿ ಓದಿದವನು ಪುಟವನ್ನು ತೆರೆದಿರಲೇಬೇಕು, ನಿಜ. ತೆರೆದವನು ಓದಿಯೇ ಇರಬೇಕೆಂಬ ನಿಯಮವಿಲ್ಲ. ಅದಕ್ಕೆ ಮನಸ್ಸೆಂಬ ಇನ್ನೊಂದು ಪದಾರ್ಥ ಬೇಕು. ಅದನ್ನು ಅಳೆಯುವ ಕ್ರಮವಿಧಿಯನ್ನು ಯಾವ ಕಂಪನಿಯೂ ಪುಟದಲ್ಲಿ ಹುದುಗಿಸಿಲ್ಲ.

ತರ್ಕವು ಬೇಡವೆನ್ನುವವರು ಬೈಲಹೊಂಗಲದ ಹತ್ತಿಯ ಪೇಟೆಗೆ ಬರಲಿ. ಅಲ್ಲಿ ತಕ್ಕಡಿಗೂ ತೂಕದ ಕಲ್ಲಿಗೂ ಸರಕಾರದ ಮುದ್ರೆ ಬೇಕು. ಅಡತಿ ಅಂಗಡಿಯವನು ರಾತ್ರಿ ತನ್ನ ಕಲ್ಲನ್ನು ಬದಲಿಸಿ ಬೆಳಿಗ್ಗೆ ‘ನಿನ್ನ ಹತ್ತಿ ಹೆಚ್ಚಾಯಿತು’ ಎಂದರೆ ಅಕ್ಷರ ಬಾರದ ರೈತನೂ ನಂಬಲಾರನು. ಅಂತರ್ಜಾಲದ ತಕ್ಕಡಿಗಾದರೋ ಮುದ್ರೆಯಿಲ್ಲ. ತೂಗುವವನೂ ಜಾಹೀರಾತು ಮಾರುವವನೂ ಒಬ್ಬನೇ. ಯೂಟ್ಯೂಬ್ ತನ್ನ ಕಿರುಚಿತ್ರಗಳಾದ ಶಾರ್ಟ್ಸ್‌ಗಳ ವಿಷಯದಲ್ಲಿ 2025ರ ಮಾರ್ಚ್ 31ರಿಂದ ಹೊಸ ನಿಯಮವನ್ನು ತಂದಿತು: ಚಿತ್ರವು ಓಡಲು ಪ್ರಾರಂಭವಾದರೆ ಒಂದು ನೋಟ, ಮತ್ತೆ ಓಡಿದರೆ ಇನ್ನೊಂದು, ಎಷ್ಟು ಹೊತ್ತು ನೋಡಿದರೆಂಬ ಕನಿಷ್ಠ ಮಿತಿಯಿಲ್ಲ. ಒಬ್ಬನೇ ಒಬ್ಬ ಹೊಸ ಪ್ರೇಕ್ಷಕನು ಹುಟ್ಟದಿದ್ದರೂ ಎಣಿಕೆಯು ಏರಲು ಇಷ್ಟೇ ಸಾಕು. ಇಂಥ ಕಲ್ಲಿನಿಂದ ತೂಗಿಸಿಕೊಂಡು ‘ಕನ್ನಡಿಗರ ಅಭಿರುಚಿ ಇಂಥದ್ದು’ ಎಂದು ತೀರ್ಪು ಕೊಡುವವರ ಧೈರ್ಯವನ್ನು ಮೆಚ್ಚಬೇಕು.

ಈ ಮೋಹವು ಈಗ ಮಣಿಕಟ್ಟಿಗೂ ಏರಿದೆ. ಹೊಸ ತರದ ಗಡಿಯಾರವು ಹೆಜ್ಜೆಯನ್ನೂ ನಿದ್ರೆಯನ್ನೂ ಎಣಿಸುತ್ತದಂತೆ. ಧರಿಸಿದವರು ದಿನಕ್ಕೆ 10,000 ಹೆಜ್ಜೆಗಳಾಗದಿದ್ದರೆ ರಾತ್ರಿ ಅಂಗಳದಲ್ಲಿ ಸುತ್ತು ಹಾಕುತ್ತಾರೆ. ಈ ಹತ್ತು ಸಾವಿರವು ಯಾವ ವೈದ್ಯಶಾಸ್ತ್ರದಿಂದಲೂ ಹುಟ್ಟಿದ್ದಲ್ಲ. 1965ರಲ್ಲಿ ಜಪಾನಿನ ಕಂಪನಿಯೊಂದು ಮಾರಿದ ಹೆಜ್ಜೆಯಂತ್ರದ ಹೆಸರೇ ‘ಹತ್ತು ಸಾವಿರ ಹೆಜ್ಜೆಯ ಮಾಪಕ’ ಎಂದಿತ್ತು. 2019ರಲ್ಲಿ ಐ-ಮಿನ್ ಲೀ ಮೊದಲಾದವರು ಸರಾಸರಿ 72 ವಯಸ್ಸಿನ 16,741 ಸ್ತ್ರೀಯರನ್ನು ಪರೀಕ್ಷಿಸಿ ಪ್ರಕಟಿಸಿದ ಶೋಧದಲ್ಲಿ ಸುಮಾರು 7,500 ಹೆಜ್ಜೆಗಳಾಚೆ ಆಯುಷ್ಯದ ಲಾಭವು ಹೆಚ್ಚುತ್ತ ಹೋಗದೆಂದು ಕಂಡುಬಂದಿತು. ಬುತ್ತಿಯ ಬುಟ್ಟಿಯನ್ನು ತಲೆಯ ಮೇಲೆ ಕೈಯಿಂದ ಹಿಡಿದು ಹೊಲಕ್ಕೆ ನಡೆಯುವ ಹೆಣ್ಣುಮಗಳ ಕೈ ಬೀಸುವದಿಲ್ಲವಾದ್ದರಿಂದ ಅವಳ ಹೆಜ್ಜೆಗಳಲ್ಲಿ ಎಷ್ಟೋ ಆ ಗಡಿಯಾರಕ್ಕೆ ತಪ್ಪಿಹೋದಾವು. ಕುಳಿತಲ್ಲೇ ಭಜನೆಗೆ ತಾಳ ಹಾಕುವವನು ಕೆಲವೊಮ್ಮೆ ನಡೆದವನಾದಾನು. ಭಾರತ ಹುಣ್ಣಿವೆಗೆ ಎಲ್ಲಮ್ಮನ ಗುಡ್ಡಕ್ಕೆ ಕಾಲ್ನಡೆಯಲ್ಲಿ ಬರುವವರು ಈ ಚಿಂತೆಯಿಂದ ಮುಕ್ತರು.

ಗಡಿಯಾರದ ತಪ್ಪಿನಿಂದ ನಷ್ಟವಾಗುವದು ಕೊಂಡವನಿಗೆ ಮಾತ್ರ. ಬರಹದ ಎಣಿಕೆಯಿಂದ ಆಗುವ ಕೇಡು ನಾಡಿನದು. ಕಿತ್ತೂರಿನ ಕಥೆಯನ್ನೇ ನೋಡಿರಿ. 1824ರ ಅಕ್ಟೋಬರ್ 23ರಂದು ಥ್ಯಾಕರೆಯು ಕಿತ್ತೂರ ಕೋಟೆಯ ಮುಂದೆ ಹತನಾದದ್ದೂ, ಡಿಸೆಂಬರಿನಲ್ಲಿ ಕೋಟೆ ಬಿದ್ದದ್ದೂ, ಚೆನ್ನಮ್ಮ ರಾಣಿಯು 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡದ್ದೂ ಮಕ್ಕಳಿಗೂ ಗೊತ್ತು. ಆದರೆ ದತ್ತಕವನ್ನು ಕಂಪನಿ ಸರಕಾರವು ಒಪ್ಪದೆಹೋದ ಬಗೆಯೇನು, ದೇಸಗತಿಯ ಆಡಳಿತವು ಹೇಗಿತ್ತು, ಕಾಗದಪತ್ರಗಳು ಏನು ಹೇಳುತ್ತವೆ, ಲಾವಣಿಗಳು ಅದಕ್ಕೆ ಎಲ್ಲಿ ಹೊಂದುತ್ತವೆ, ಎಲ್ಲಿ ಹೊಂದವು—ಇದನ್ನು ಬರೆಯಲು ವರ್ಷಗಟ್ಟಲೆ ಕುಳಿತುಕೊಳ್ಳಬೇಕು. ಅದನ್ನು ಬರೆದರೆ ಎಣಿಕೆ ಇಳಿಯುವದು. ‘ಕಿತ್ತೂರ ಕೋಟೆಯ ಗುಪ್ತನಿಧಿ’ ಎಂದು ತಲೆಬರಹವಿತ್ತರೆ ಏರುವದು. ಎರಡು ತಿಂಗಳು ಅಂಕಿಯನ್ನು ನೋಡಿದ ತರುಣನು ಮೂರನೆಯ ತಿಂಗಳು ಕಾಗದಪತ್ರಗಳನ್ನು ಕಟ್ಟಿಡುತ್ತಾನೆ. ಅವನನ್ನು ಯಾರೂ ಹೆದರಿಸಲಿಲ್ಲ, ಯಾರೂ ಲಂಚ ಕೊಡಲಿಲ್ಲ. ಆದರೂ ಒಬ್ಬ ಇತಿಹಾಸಕಾರನು ನಾಡಿಗೆ ತಪ್ಪಿಹೋದನು.

ಇದೇ ಬೈಲಹೊಂಗಲ ತಾಲೂಕಿನ ವಕ್ಕುಂದವೇ ಕವಿರಾಜಮಾರ್ಗದ ಒಕ್ಕುಂದವೆಂದು ವಿದ್ವಾಂಸರು ಗುರುತಿಸಿರುತ್ತಾರೆ. ಕಿಸುವೊಳಲು, ಕೊಪಣ, ಪುಲಿಗೆರೆಗಳೊಡನೆ ತಿರುಳ್ಗನ್ನಡದ ನಾಡಿನ ಎಲ್ಲೆಯಾಗಿ ಮಲಪ್ರಭೆಯ ದಂಡೆಯ ಈ ಊರನ್ನು ಒಂಬತ್ತನೆಯ ಶತಮಾನದಲ್ಲಿಯೇ ಆ ಗ್ರಂಥವು ಹೆಸರಿಸಿತು. ಅದು ಅಚ್ಚಾಗಿ ಹೊರಬಂದದ್ದು ಕೆ. ಬಿ. ಪಾಠಕರ ಸಂಪಾದನೆಯಲ್ಲಿ, 1898ರಲ್ಲಿ. ನಡುವಿನ ಸಾವಿರ ವರ್ಷ ಅದು ಉಳಿದದ್ದು ಕೆಲವೇ ಓಲೆಪ್ರತಿಗಳಲ್ಲಿ, ಅವನ್ನು ನಕಲು ಮಾಡಿದ ಕೆಲವೇ ಕೈಗಳಿಂದ. ಆ ಲಿಪಿಕಾರರ ಮುಂದೆ ‘ಕಳೆದ ತಿಂಗಳ ವಾಚಕರು: 3’ ಎಂಬ ಫಲಕವಿದ್ದಿದ್ದರೆ ಅವರು ಓಲೆಯನ್ನು ಕೆಳಗಿಡುತ್ತಿದ್ದರೋ ಏನೋ. ಜನಸಮ್ಮತಿಯ ಮಾತನಾಡುವವರು ಇನ್ನೂ ಹುಟ್ಟದ ಜನರನ್ನೂ ಎಣಿಸಬೇಕು. ಅವರು ಜಾಲಪುಟ ತೆರೆಯಲಾರರು.

ಇನ್ನೊಂದು ಮಾತನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಗೃಹಸ್ಥನೊಬ್ಬನು ಯಾವ ಲೇಖನವನ್ನು ಎಷ್ಟು ಹೊತ್ತಿಗೆ ತೆರೆದನೆಂಬ ವರದಿಯು ಪರದೇಶದ ಕಂಪನಿಗೆ ಹೋಗುತ್ತದೆ. ಆಸ್ಟ್ರಿಯ, ಫ್ರಾನ್ಸ್ ದೇಶಗಳ ಅಧಿಕಾರಿಗಳು 2022ರಲ್ಲಿ ಅಲ್ಲಿಯ ಕೆಲವು ಜಾಲತಾಣಗಳ ವಿಷಯದಲ್ಲಿ ಇದನ್ನೇ ನಿಯಮಬಾಹಿರವೆಂದರು; 2023ರಲ್ಲಿ ಯುರೋಪವೂ ಅಮೇರಿಕೆಯೂ ಹೊಸ ಒಪ್ಪಂದ ಮಾಡಿಕೊಂಡ ಮೇಲೆ ಅಲ್ಲಿಯ ಸ್ಥಿತಿ ಬದಲಾಯಿತು. ವಾಚಕನನ್ನು ಅತಿಥಿಯೆಂದು ಕರೆದು ಅವನ ಬೆನ್ನಿಗೆ ಗುರುತು ಅಂಟಿಸಿ ಕಳಿಸುವದು ಸಾಹಿತ್ಯ ಸಂಘಕ್ಕೆ ಶೋಭಿಸುವ ಆಚಾರವೋ ಎಂಬದನ್ನು ಕಾಯದೆಯ ಹೊರಗೂ ಕೇಳಬಹುದು.

ಆದುದರಿಂದ ಸಂಘಗಳು ಮಾಡತಕ್ಕದ್ದು ಬಹಳವೇನಿಲ್ಲ. ಪ್ರತಿ ಲೇಖನದ ಕೆಳಗೆ ನೋಟಗಳ ಸಂಖ್ಯೆಯನ್ನು ತೋರಿಸುವ ಪದ್ಧತಿಯನ್ನು ತೆಗೆದುಹಾಕಲಿ. ಪುಟವು ಸರಿಯಾಗಿ ತೆರೆಯುತ್ತದೋ ಇಲ್ಲವೋ ಎಂಬಷ್ಟು ಲೆಕ್ಕವು ಜಾಲತಾಣವನ್ನು ನೋಡಿಕೊಳ್ಳುವವನ ಬಳಿಯಲ್ಲಿರಲಿ. ಲೇಖನಗಳನ್ನು ಆರಿಸುವ ಸಭೆಯ ಮುಂದೆ ಅದನ್ನು ಇಡಕೂಡದು. ವಾಚಕರ ಮತ ಬೇಕಾದಲ್ಲಿ ಅವರನ್ನೇ ಕೇಳಲಿ: ಓದಿದ ಲೇಖನದಲ್ಲಿ ಯಾವ ಮಾತು ಒಪ್ಪಿಗೆಯಾಯಿತು, ಯಾವುದು ತಪ್ಪೆಂದು ಕಂಡಿತು, ಮುಂದೆ ಯಾವ ವಿಷಯವನ್ನು ಬರೆಸಬೇಕು ಎಂಬದನ್ನು ಒಂದು ಕಾರ್ಡಿನಲ್ಲಿಯೋ ಮೊಬೈಲಿನ ಸಂದೇಶದಲ್ಲಿಯೋ ನಾಲ್ಕು ಸಾಲು ಬರೆದು ತಿಳಿಸುವಂತೆ ಮುಂದಿನ ಸಂಚಿಕೆಯ ಮೊದಲನೆಯ ಪುಟದಲ್ಲಿಯೇ ಬಿನ್ನಹ ಮಾಡಿಕೊಳ್ಳಲಿ; ಬಂದ ಪತ್ರಗಳನ್ನು, ಪ್ರತಿಕೂಲವಾದವುಗಳನ್ನು ಸಹ, ಅಚ್ಚು ಹಾಕಲಿ.