ಹಲ್ಲು ನೋಯುವ ಮೊದಲೇ ಕರೆದೊಯ್ಯಿರಿ

"ಹಠ ಮಾಡಿದರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಸೂಜಿ ಚುಚ್ಚಿಸುತ್ತೇನೆ ನೋಡು!" ಈ ಬೆದರಿಕೆ ಕೇಳದ ಮನೆ ವಿರಳ. ಆ ಹೊತ್ತಿಗೆ ಮಗು ಸುಮ್ಮನಾಗಬಹುದು. ಆದರೆ ನಾಳೆ ಅದಕ್ಕೆ ಹಲ್ಲುನೋವು ಬಂದಾಗ, ಆಸ್ಪತ್ರೆಯ ಮೆಟ್ಟಿಲು ಹತ್ತಿಸಲು ಮನೆಮಂದಿಯೆಲ್ಲ ಹೆಣಗಬೇಕಾಗುತ್ತದೆ. ಭಯ ಹೇಗೆ ಬೇರೂರುತ್ತದೆ ಎಂಬುದನ್ನು ನಾವು ಪ್ರಾಣಿಗಳಿಂದ ತಿಳಿಯಬಹುದು.

1959ರಲ್ಲಿ ಅಮೆರಿಕದ ಲುಬೋ ಮತ್ತು ಮೂರ್ ಎಂಬ ವಿಜ್ಞಾನಿಗಳು ಕುರಿ, ಮೇಕೆಗಳಿಗೆ ಒಂದು ಸಂಕೇತವನ್ನು ಹಲವು ಬಾರಿ ಸುಮ್ಮನೆ ತೋರಿಸಿದರು. ಆಗ ಯಾವ ನೋವೂ ಇರಲಿಲ್ಲ. ಬಳಿಕ ಅದೇ ಸಂಕೇತದ ಬೆನ್ನಿಗೆ ಕಾಲಿಗೆ ವಿದ್ಯುತ್ ಆಘಾತ ಕೊಟ್ಟರು. ಹೊಸ ಸಂಕೇತವನ್ನು ಆಘಾತದೊಂದಿಗೆ ಬೇಗ ಜೋಡಿಸಿಕೊಂಡ ಪ್ರಾಣಿಗಳು, ಮೊದಲೇ ಪರಿಚಿತವಾಗಿದ್ದ ಸಂಕೇತವನ್ನು ಜೋಡಿಸಿಕೊಳ್ಳಲು ತಡಮಾಡಿದವು. 1986ರಲ್ಲಿ ಮಿನೆಕಾ ಮತ್ತು ಕುಕ್ ಕೋತಿಗಳಲ್ಲಿ ಇಂಥದೇ ಪರಿಣಾಮ ಕಂಡರು. ಹಾವಿನ ಮುಂದೆ ಅಂಜದೆ ಕುಳಿತ ಕೋತಿಯನ್ನು ಮೊದಲು ನೋಡಿದ್ದ ಕೋತಿಗಳಲ್ಲಿ ಹೆಚ್ಚಿನವು, ಆಮೇಲೆ ಹೆದರಿದ ಕೋತಿಯನ್ನು ಕಂಡರೂ ಹಾವಿಗೆ ಹೆದರಲು ಕಲಿಯಲಿಲ್ಲ.

ಕಾಲದ ಪಾತ್ರವೂ ಉಂಟು. ಶಬ್ದಕ್ಕೆ ಹೆದರಲು ಕಲಿತ ಇಲಿಗೆ, ಆಘಾತವಿಲ್ಲದೆ ಅದೇ ಶಬ್ದವನ್ನು ಮತ್ತೆ ಮತ್ತೆ ಕೇಳಿಸಿದರೆ ಭಯ ಇಳಿಯುತ್ತದೆ. ಆದರೆ ಕೆಲವು ವಾರ ಬಿಟ್ಟು ಕೇಳಿಸಿದಾಗ ಆ ಭಯ ಮರುಕಳಿಸುವುದುಂಟು. ಹೋಯಿತೆಂದುಕೊಂಡ ಭಯ ಒಳಗೆ ಅಡಗಿರುತ್ತದೆ. ಆದ್ದರಿಂದ ಹುಟ್ಟಿದ ಭಯವನ್ನು ಓಡಿಸುವುದಕ್ಕಿಂತ ಹುಟ್ಟದಂತೆ ನೋಡಿಕೊಳ್ಳುವುದೇ ಲೇಸು.

ಮನುಷ್ಯರಿಗೂ ಇದು ಅನ್ವಯಿಸುತ್ತದೆ. ನೋವಿಲ್ಲದ ಭೇಟಿಗಳು ಮೊದಲೇ ಹಲವಾರು ನಡೆದಿದ್ದವರು, ಮುಂದೆ ಹಲ್ಲಿನ ಚಿಕಿತ್ಸೆಯಲ್ಲಿ ನೋವುಂಡರೂ ದಂತವೈದ್ಯರಿಗೆ ಅಷ್ಟಾಗಿ ಅಂಜುವುದಿಲ್ಲ ಎಂದು ಬ್ರಿಟನ್ನಿನ ಮನೋವಿಜ್ಞಾನಿ ಗ್ರಹಾಂ ಡೇವಿ 1989ರಲ್ಲಿ ತೋರಿಸಿದರು.

"ಚೆನ್ನಾಗಿರುವ ಮಗುವನ್ನು ಡಾಕ್ಟರಿಗೆ ತೋರಿಸಿ ದುಡ್ಡು ದಂಡ ಮಾಡುವುದೇಕೆ?" ಎಂದು ನೀವು ಕೇಳಬಹುದು. ಮೊದಲ ಹಲ್ಲು ಮೂಡಿದಾಗ, ತಡವೆಂದರೆ ವರ್ಷ ತುಂಬುವುದರೊಳಗೆ ತೋರಿಸಿ ಎನ್ನುವುದು ಮಕ್ಕಳ ದಂತತಜ್ಞರ ಸಲಹೆ. ಅಜ್ಜ ಹಲ್ಲು ತೋರಿಸಲು ಹೊರಟಾಗ ಮೊಮ್ಮಗುವೂ ಜೊತೆಗಿರಲಿ. ಇದಕ್ಕೆ ಖರ್ಚೇನೂ ಇಲ್ಲ. ಆಗ ನೀವೂ ಮುಖ ಕಿವುಚದೆ ಕೂರಿ.

ಈಗಾಗಲೇ ಹೆದರಿರುವ ಮಗುವನ್ನು ಗದರಬೇಡಿ. ಒಂದು ಭೇಟಿ ಸುಸೂತ್ರವಾಯಿತೆಂದು ವರ್ಷಗಟ್ಟಲೆ ಬಿಡಬೇಡಿ, ಆಗಾಗ ಕರೆದೊಯ್ಯುತ್ತಿರಿ. ಮುಖ್ಯವಾಗಿ, ವೈದ್ಯರನ್ನು ಗುಮ್ಮನನ್ನಾಗಿ ಮಾಡುವುದನ್ನು ಇವತ್ತೇ ನಿಲ್ಲಿಸಿ.